ಅರ್ಧ ಮಗ್ಗಿ

ಆ ತಾಲ್ಲೂಕಿನಲ್ಲಿ ಒಂದೊಂದು ಸರಕಾರಿ ಶಾಲೆಗೂ ಇಷ್ಟೇ ವಿದ್ಯೆ ಎಂದು ನಿಗದಿಯಾಗಿತ್ತು. ಹಾಜರಿಯಲ್ಲಿ ಹೆಸರಿದ್ದವರೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಹಾಗಾಗಿ ಮಕ್ಕಳು ಕಡಿಮೆಯಾದಂತೆಲ್ಲ ಅಂಕಗಳು ಏರುತ್ತಿದ್ದವು. ಶಿಕ್ಷಕಿ ಮಹಾನಂದಾಳ ಶಾಲೆಯಲ್ಲಿ ಉಳಿದವಳು ಕಸ್ತೂರಿ ಒಬ್ಬಳೇ. ಮೂವತ್ತರವರೆಗಿನ ಮಗ್ಗಿ ಅವಳಿಗೆ ನೀರು ಕುಡಿದಷ್ಟು ಸಲೀಸು. ನಾಳೆಯ ಪರೀಕ್ಷೆಯಲ್ಲಿ ಗೆದ್ದರೆ ಪಟ್ಟಣದ ವಸತಿ ಶಾಲೆಯಲ್ಲಿ ಅವಳಿಗೆ ಸೀಟು.

ಇವತ್ತೇ ಇಟ್ಟಂಗಿ ಭಟ್ಟಿಯ ಹೆಂಗಸೊಬ್ಬಳು ಮಗಳನ್ನು ಕರೆತಂದು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕೋರ, ನಮ್ಮ ದುರುಗವ್ವನ್ನ ಸಾಲಿಗೆ ಹಚ್ಚಕೋರಿ."

"ನಾಡಿದ್ದು ಬಾರವಾ."

"ಮೂರು ಸಾಲ್ಯಾಗೂ ನಾಡಿದ್ದು ಅಂದ್ರು. ಆ ನಾಡಿದ್ದು ಯಾವ ವಾರ ಬರ್ತೈತ್ರಿ?"

ಮಹಾನಂದಾ ಕಿಟಕಿಯವರೆಗೆ ಹೋದಳು, ಬಂದಳು, ರಿಜಿಸ್ಟರ್ ತೆರೆದಳು, ಮುಚ್ಚಿದಳು. ಚಾಪೆಯ ಮೇಲೆ ಮಗ್ಗಿ ಒಪ್ಪಿಸುತ್ತಿದ್ದ ಕಸ್ತೂರಿ ತಲೆಯೆತ್ತಿದಳು.

"ಬರ್ಕೋರಿ ಅಕ್ಕೋರ. ಕಣ್ಣಾಮುಚ್ಚಾಲ್ಯಾಗ ನಾ ಒಬ್ಬಾಕೀನ ಎಷ್ಟಂತ ಅಡಗಲಿ? ಹುಡುಕಾವ್ರು ಯಾರು?"

ಮಹಾನಂದಾ ರಿಜಿಸ್ಟರಿನಲ್ಲಿ ದುರುಗವ್ವನ ಹೆಸರು ಬರೆದಳು.

"ಹದಿನೈದು ಹತ್ಲೆ ನೂರಾ ಐವತ್ತು," ಎಂದ ಕಸ್ತೂರಿಗೆ ಮುಂದಿನದು ಹೊಳೆಯಲಿಲ್ಲ.

"ಹದಿನಾರೊಂದ್ಲೆ ಹದಿನಾರು," ಎಂದಿತು ಬಾಗಿಲ ಕಡೆಯ ದನಿ. ಪಾಟಿಯನ್ನೇ ಮುಟ್ಟಿರದ ದುರುಗವ್ವ ಗಾಬರಿಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ಕಸ್ತೂರಿ ಚಾಪೆಯ ಅರ್ಧಕ್ಕೆ ಸರಿದು ಪಿಸುಗುಟ್ಟಿದಳು: "ನಾಳೆ ಪರೀಕ್ಷ್ಯಾಗ ನನ್ನ ಬಾಜೂಕ ಕುಂದರತೀ ಏನಽ?"