ಕಂಪ್ಯೂಟರ್ ಒಪ್ಪದ ಹುಡುಗ

ಜೋಯಿಸರು ಜಾತಕ ಹಾಕುತ್ತಿದ್ದ ಹಳೆಯ ಕಂಪ್ಯೂಟರ್ ಅಪ್‌ಗ್ರೇಡ್ ಆಗುತ್ತ ಆಗುತ್ತ ಅರ್ಧದಲ್ಲೇ ನಿಂತುಬಿಟ್ಟಿತು. ಅದನ್ನು ಸರಿಮಾಡಬಲ್ಲವನು ಊರಿನಲ್ಲಿ ಲೋಕೇಶ ಒಬ್ಬನೇ. ಅವನನ್ನು ಯಾವ ಮುಖ ಇಟ್ಟುಕೊಂಡು ಕರೆಸುವುದು? ಹೋದ ವರ್ಷ ಮಗಳನ್ನು ಕೇಳಿಕೊಂಡು ಬಂದಿದ್ದವನನ್ನು, "ಜಾತಕ ಕೂಡಲಿಲ್ಲಪ್ಪ, ಕಂಪ್ಯೂಟರೇ ಬೇಡ ಅಂತು" ಎಂದು ವಾಪಸು ಕಳಿಸಿದ್ದರು. ಅಂದಿನಿಂದ ಮಗಳು ಅವರೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಕೊನೆಗೆ ಮಗಳೇ ಫೋನ್ ಮಾಡಿದಳು. ಲೋಕೇಶ ಬಂದು, ಹಳೆಯದೇನನ್ನೂ ಎತ್ತದೆ ಕೆಲಸಕ್ಕೆ ಕೂತ. ಜೋಯಿಸರು ಅವನ ಮುಖ ನೋಡಲಾರದೆ ಬೆರಳುಗಳನ್ನೇ ನೋಡುತ್ತಿದ್ದರು.

"ಇದರ ಗಡಿಯಾರಾನೇ ತಪ್ಪು, ಜೋಯಿಸರೇ. ಯಾವುದೋ ದೇಶದ ಟೈಮಿಗೆ ಇಟ್ಟಿದೆ. ಅದಕ್ಕೇ ಅಪ್‌ಗ್ರೇಡ್ ನಿಂತಿರೋದು."

"ಹಾಗಾದ್ರೆ ಇದು ಹಾಕಿದ ಜಾತಕಗಳು?"

"ನಿಮ್ಮ ಸಾಫ್ಟ್‌ವೇರ್ ಹುಟ್ಟಿದ ಹೊತ್ತನ್ನೂ ಆ ದೇಶದ ಟೈಮ್ ಅಂತ್ಲೇ ಲೆಕ್ಕ ಹಾಕುತ್ತೆ. ಬಂದಿರೋದೆಲ್ಲಾ ತಪ್ಪೇ."

ಜೋಯಿಸರ ಎದೆ ಧಸಕ್ಕೆಂದಿತು. ಮರುಗಳಿಗೆಯಲ್ಲೇ ಯಾಕೋ ಹಗುರವೂ ಆಯಿತು.

"ನೋಡಿದೆಯಾ, ಎಲ್ಲಾ ಈ ಹಾಳು ಮಿಷನ್ನಿಂದ ಆಗಿದ್ದು," ಎಂದರು, ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಕೇಳಿಸುವಂತೆ.

"ಹಾಗಾದ್ರೆ ಇವರದ್ದನ್ನ ಇನ್ನೊಂದ್ಸಲ ಹಾಕಿ ನೋಡಿ ಅಪ್ಪ," ಎಂದಳು ಅವಳು.

ಗಡಿಯಾರ ಸರಿಹೋಗಿ ಅಪ್‌ಗ್ರೇಡ್ ಮುಗಿದದ್ದೇ ತಡ, ಜೋಯಿಸರು ಕುರ್ಚಿ ಎಳೆದುಕೊಂಡು ಕೂತರು. ಒಂದು ವರ್ಷದಿಂದ ಎದೆಯ ಮೇಲಿದ್ದ ಭಾರ ಇವತ್ತು ಇಳಿದೀತು ಎನಿಸಿತು.

"ಎಲ್ಲಿ, ಹುಟ್ಟಿದ ದಿನ, ಹೊತ್ತು ಹೇಳಪ್ಪ."

ಲೋಕೇಶ ಮೆಲ್ಲಗೆ ಹೇಳಿದ: "ಹೇಳ್ತೀನಿ, ಜೋಯಿಸರೇ. ಆವತ್ತು ನೀವು ಅದನ್ನ ಕೇಳಲೇ ಇಲ್ಲ."