ಬಸುರಿಯ ಹೋಳಿಗೆ

ಮದುವೆಯಾಗಿ ವರ್ಷಗಳೇ ಕಳೆದರೂ ಮಡಿಲು ತುಂಬದ ಹಿರಿಸೊಸೆಗೆ, ಬಂದ ವರ್ಷವೇ ಬಸುರಾದ ಕಿರಿಸೊಸೆಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

"ಬಸುರಿ ಇಬ್ಬರ ಊಟ ಉಣ್ಬೇಕು, ಮೈ ಅಲುಗಿಸಬಾರದು," ಎಂದು ಅತ್ತೆ ದಿನಾ ಮಧ್ಯಾಹ್ನ ಊಟದ ಮೇಲೂ ಅವಳ ಮುಂದೆ ತುಪ್ಪ ಸುರಿದ ಹೋಳಿಗೆ ಇಟ್ಟು, ಮಲಗಲು ಹೋಗುವರು. ಅವರ ಗೊರಕೆ ಕೇಳಿದ್ದೇ ತಡ, ಹಿರಿಯವಳು ಒಳಗೆ ಬರುವಳು.

"ಲೋಕದಲ್ಲಿ ನೀನೊಬ್ಳೇ ಬಸುರಿನಾ? ಏಳು, ಪೇಟೆಗೆ ಹೋಗಿ ವೀಳ್ಯದೆಲೆ ತಗೊಂಡು ಬಾ."

ಕಿರಿಯವಳು ಎದ್ದು ಚಪ್ಪಲಿ ಮೆಟ್ಟುವಳು. ಅವಳು ಬೀದಿ ದಾಟುವಷ್ಟರಲ್ಲಿ ಹಿರಿಯವಳು ಆ ಹೋಳಿಗೆಯನ್ನು ಚೂರೂ ಬಿಡದೆ ತಿಂದು ಮುಗಿಸುವಳು.

ಏಳನೇ ತಿಂಗಳ ತಪಾಸಣೆಗೆ ಅತ್ತೆ ಹಿರಿಯವಳನ್ನೇ ಜೊತೆಗೆ ಕಳಿಸಿದರು. ಡಾಕ್ಟರಮ್ಮ ರಕ್ತಪರೀಕ್ಷೆ ನೋಡಿ ಕಿರಿಯವಳಿಗೆ ಹೇಳಿದರು:

"ಹೋದ ಸಲ ಹೆದರಿಸಿದ್ದ ಶುಗರ್ ಹತೋಟಿಗೆ ಬಂದಿದೆಯಮ್ಮ. ಸಿಹಿ ಬಿಟ್ಟು, ಊಟ ಆದ್ಮೇಲೆ ನಡೀತಿದೀಯ ಅಂತ ಕಾಣುತ್ತೆ. ಮಗು ಚೆನ್ನಾಗಿದೆ."

ಹೊರಗೆ ಬಂದದ್ದೇ ಕಿರಿಯವಳು ಹಿರಿಯವಳ ಕೈ ಹಿಡಿದುಕೊಂಡಳು.

"ಅತ್ತೆ ಇಟ್ಟಿದ್ದನ್ನ ಬೇಡ ಅನ್ನೋ ಧೈರ್ಯ ನನಗಿಲ್ಲ ಅಕ್ಕ. ಹೆರಿಗೆ ಆಗೋ ತನಕ ನೀವೇ ತಿಂದ್ಬಿಡಿ."