ಎರಡನೇ ಬ್ರೇಕ್

ಹಾಡಹಗಲೇ ಪಕ್ಕದ ಮನೆಯ ಹುಡುಗನನ್ನು ಹೊತ್ತುಕೊಂಡು ಡ್ರೈವಿಂಗ್ ಮೇಷ್ಟ್ರು ಆಸ್ಪತ್ರೆಗೆ ನುಗ್ಗಿದರು. ಹುಡುಗನಿಗಿನ್ನೂ ಹದಿನಾರು. ಕತ್ತು ಜೋತುಬಿದ್ದಿತ್ತು, ಅಂಗಿಯೆಲ್ಲ ವಾಂತಿ.

"ಏನು ಕುಡಿದಿದ್ದಾನೆ? ಎಷ್ಟು?" ನರ್ಸ್ ಕೇಳಿದಳು. "ಬೇಗ ಹೇಳಿ, ಡಾಕ್ಟರಿಗೆ ಗೊತ್ತಾಗಬೇಕು."

"ನನಗೇನು ಗೊತ್ತು ಸಿಸ್ಟರ್? ರಸ್ತೆ ಬದಿ ಬಿದ್ದಿದ್ದ, ಎತ್ಕೊಂಡು ಬಂದೆ."

ಗೊತ್ತಿಲ್ಲದೆ ಏನು, ಬಗ್ಗಿಸಿಕೊಟ್ಟ ಕೈ ಅವರದೇ. ಮಗನ ಹುಟ್ಟುಹಬ್ಬಕ್ಕೆ ಬಂದ ಗೆಳೆಯರನ್ನೆಲ್ಲ ನಡುಮನೆಯಲ್ಲಿ ಕೂರಿಸಿ, "ಕದ್ದು ಕುಡಿದು ಹಾಳಾಗೋದಕ್ಕಿಂತ ನನ್ನ ಕಣ್ಣೆದುರಿಗೇ ಕಲೀರಿ. ನಾನು ಡ್ರೈವಿಂಗ್ ಕಲಿಸೋ ಕಾರಲ್ಲಿ ಎರಡನೇ ಬ್ರೇಕ್ ನನ್ನ ಕಾಲ ಕೆಳಗಿರುತ್ತೆ. ಇದೂ ಹಾಗೇ" ಎಂದು ಒಬ್ಬೊಬ್ಬರಿಗೂ ರಮ್ ಕೊಟ್ಟಿದ್ದರು. ಹೆಂಡತಿ ಗೊಣಗಿದ್ದಕ್ಕೆ, "ನಿನಗೆ ಈಗಿನ ಕಾಲ ಗೊತ್ತಿಲ್ಲ, ಸುಮ್ಮನಿರು" ಎಂದು ಬಾಯಿ ಮುಚ್ಚಿಸಿದ್ದೂ ಆಯಿತು. ಅಷ್ಟರಲ್ಲಿ ಯಾರದೋ ಫೋನ್ ಬಂತು. ಮಹಡಿಗೆ ಹೋಗಿ ಗಂಟೆಗಟ್ಟಲೆ ಹರಟಿ ಇಳಿದು ಬಂದರೆ ಬಾಟಲಿ ಖಾಲಿ, ಈ ಹುಡುಗ ಬಚ್ಚಲಲ್ಲಿ ಬೋರಲು. ಬ್ರೇಕಂತೆ ಬ್ರೇಕು. ತುಟಿ ಬಿಚ್ಚಬೇಡಿ ಎಂದು ಮಗನನ್ನೂ ಉಳಿದ ಹುಡುಗರನ್ನೂ ಗದರಿಸಿ, ಮನೆಯಲ್ಲೇ ಬಿಟ್ಟು ಬಂದಿದ್ದರು.

ಸುದ್ದಿ ತಿಳಿದ ಹುಡುಗನ ತಾಯಿ ಹೊಲಿಗೆ ಮೆಷಿನ್ನಿನಿಂದ ಎದ್ದವಳು ಹಾಗೇ ಓಡಿಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಅವಳಿಗೆ ಇರುವವನು ಇವನೊಬ್ಬನೇ.

"ನಿಮ್ಮನೆಗೆ ಅಂತಲೇ ಹೊರಟಿದ್ದನಲ್ಲ ಅಣ್ಣ?"

"ಬಂದಿದ್ದನಮ್ಮ. ಊಟ ಮುಗಿಸಿ ಬೇಗ ಹೊರಟುಬಿಟ್ಟ. ಆಮೇಲೆ ಯಾರ ಕೈಗೆ ಸಿಕ್ಕನೋ."

"ಯಾವ ಪಾಪಿ ಕುಡಿಸಿದನೋ, ಅವನ ಮನೆ ಹಾಳಾಗ. ನೀವು ದೇವರ ಹಾಗೆ ಬಂದ್ರಿ ಅಣ್ಣ." ಅವಳು ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. ಮೇಷ್ಟ್ರು ಕೈ ಬಿಡಿಸಿಕೊಳ್ಳಲಿಲ್ಲ.

ಸಂಜೆಗೆ ಹುಡುಗ ಕಣ್ಣುಬಿಟ್ಟ. ಜೀವಕ್ಕೇನೂ ಭಯವಿಲ್ಲ ಎಂದರು ಡಾಕ್ಟರು. ತಾಯಿ ಮಾತ್ರೆ ತರಲು ಕೆಳಗಿಳಿದದ್ದೇ ತಡ, ಹುಡುಗ ಪಿಸುಗುಟ್ಟಿದ. "ಅಂಕಲ್, ಅಮ್ಮ ಕೇಳಿದ್ಲು. ಯಾರೋ ಗೊತ್ತಿಲ್ಲ ಅಂದೆ. ನಿಮ್ಮ ಹೆಸರು ಹೇಳಿಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡಿ. ಆಗಿದ್ದರೆ ಅಲ್ಲೇ ಬಾಯಿಬಿಡುತ್ತಿದ್ದರು. "ಜಾಣ" ಎಂದು ಅವನ ತಲೆ ಸವರಿದರು.

ತಾಯಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಅವರು ಕುರ್ಚಿ ಎಳೆದುಕೊಂಡು ಗತ್ತಿನಿಂದ ಕೂತಿದ್ದರು.

"ಹುಡುಗನ್ನ ಬೈಬೇಡಮ್ಮ. ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ, ನಿಂದೂ ತಪ್ಪಿದೆ. ಬೆಳೆಯೋ ಮಕ್ಕಳು ಎಲ್ಲಿಗೆ ಹೋಗ್ತಾರೆ, ಯಾರ ಜೊತೆ ಕೂರ್ತಾರೆ ಅಂತ ಹೆತ್ತವರು ಒಂದು ಕಣ್ಣಿಟ್ಟಿರಬೇಕು."

ಅವಳು ತಲೆ ತಗ್ಗಿಸಿದಳು.

"ತಪ್ಪಾಯ್ತು ಅಣ್ಣ. ಇನ್ಮೇಲೆ ನಿಮ್ಮ ಮನೆ ಬಿಟ್ಟು ಬೇರೆ ಎಲ್ಲಿಗೂ ಕಳಿಸಲ್ಲ."